ನೇರಳೆಯಾದ ಹನ್ನೊಂದು ಹೆಸರುಗಳು

ಟೆಕ್ಸಸ್ಸಿನ ಆಸ್ಟಿನ್‌ನಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿರುವ ಬಳ್ಳಾರಿಯ ಹುಡುಗಿ ನಜ್ಮಾ ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಹಳೆಯ ಕಾಗದಪತ್ರಗಳನ್ನು ದುರಸ್ತಿ ಮಾಡುವ ಕೆಲಸಕ್ಕೆ ಸೇರಬೇಕೆಂಬ ಆಸೆ ಅವಳಿಗೆ. "ಆಂಟಿ, ನೀವು ಇಷ್ಟ್ ವರ್ಷ ಮಾಡೀರಲ್ರಿ. ಈ ಕೆಲಸ ಹೆಂಗಿರತೈತಿ, ಖರೇ ಹೇಳ್ರಿ" ಎಂದು ಕೇಳಿದಳು. "ಶಾಂತವಾದ ಕೆಲಸ ಕಣಮ್ಮ, ನಾಲ್ಕು ಗೋಡೆ, ಒಂದು ಮೇಜು" ಎಂದುಬಿಟ್ಟೆ. ಅವಳು ಹೋದ ಮೇಲೆ ಲೋಟ ತೊಳೆಯುತ್ತಿದ್ದಾಗ, ಹುಡುಗಿಗೆ ಸುಳ್ಳು ಹೇಳಿ ಕಳಿಸಿದೆ ಎನ್ನಿಸಿತು. ಮೈಸೂರಿನಲ್ಲೂ ಹ್ಯೂಸ್ಟನ್‌ನಲ್ಲೂ ಸೇರಿ ನಾನು ಮಾಡಿದ ಕೆಲಸವನ್ನೆಲ್ಲ ಹೆದರಿಕೊಂಡೇ ಮಾಡಿದ್ದು. ಅವಳಂಥವರಿಗೆಂದು ಅದನ್ನೇ ಬರೆದಿಡುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿ ಬರುವುದಿಲ್ಲ.

ಮೈಸೂರಿನ ಹಸ್ತಪ್ರತಿ ಭಂಡಾರವೊಂದರಲ್ಲಿ ನನಗೆ ಕೆಲಸ ಕಲಿಸಿದವರು ಮಾದಪ್ಪನವರು. ತಾಳೆಗರಿಯ ಕಟ್ಟುಗಳಿಗೆ ಎಣ್ಣೆ ಸವರುವುದು, ಹುಳು ತಿಂದ ಕಾಗದಕ್ಕೆ ತೆಳುವಾದ ಕಾಗದ ಅಂಟಿಸುವುದು ಅವರಿಂದ ಬಂದ ವಿದ್ಯೆ. ಅವರು ಗದರಿದ್ದನ್ನು ನಾನು ಕಾಣೆ. ಏನಾದರೂ ಹರಿದರೆ ಹರಿದ ತುಂಡನ್ನು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ಎದುರಿಗೆ ಕೂತುಬಿಡುತ್ತಿದ್ದರು. ಊಟದ ಹೊತ್ತಾದರೂ ಏಳುತ್ತಿರಲಿಲ್ಲ. ಬೈಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಂಡ ಗುರುರಾಜ ಹ್ಯೂಸ್ಟನ್‌ನ ತೈಲಬಾವಿ ಯಂತ್ರಗಳ ಕಂಪನಿಯೊಂದಕ್ಕೆ ಎಂಜಿನಿಯರಾಗಿ ಬಂದರು. ನಾವು ಊರಂಚಿನ ಸ್ಟಾಫರ್ಡ್‌ನಲ್ಲಿ ಮನೆ ಮಾಡಿದೆವು. 1997ರಲ್ಲಿ ನನಗೂ ಹ್ಯೂಸ್ಟನ್‌ನ ಒಂದು ಖಾಸಗಿ ದಾಖಲೆ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ದುರಸ್ತಿ ಕೋಣೆ ನೆಲಮಾಳಿಗೆಯಲ್ಲಿತ್ತು. ಅದರ ಮೇಲ್ವಿಚಾರಕಿ ಡಾರತಿ, ಅರವತ್ತು ಸಮೀಪಿಸಿದ್ದ ಎತ್ತರದ ಹೆಂಗಸು. ಏನು ಮಾಡಿದರೂ ಅದನ್ನು ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಸುತ್ತಿದ್ದಳು. ವಿಶಾಲಾಕ್ಷಿ ಎಂಬ ನನ್ನ ಹೆಸರು ಅವಳ ಬಾಯಲ್ಲಿ 'ವಿಶಾ' ಆಯಿತು.

ಮೊದಲ ವಾರ ಅವಳು ಹೇಳಿಕೊಟ್ಟದ್ದು ಒಂದೇ ಪಾಠ: ಹೊರಗಿನಿಂದ ಬಂದ ಪೆಟ್ಟಿಗೆಗೆ ಕೈ ಹಾಕುವ ಮುಂಚೆ ಅದನ್ನು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ ತಟ್ಟಬೇಕು. ಎರಡನೆಯ ವಾರ ನಾನು ಮರೆತೆ. ಮಣಿಕಟ್ಟಿನ ಮೇಲೆ ಏನೋ ಹರಿದಾಡಿದಂತಾಯಿತು. ನೋಡಿದರೆ ಕಂದು ಬಣ್ಣದ ಪುಟ್ಟ ಜೇಡ, ಬೆನ್ನ ಮೇಲೆ ಪಿಟೀಲಿನಂಥ ಗುರುತು. ಟೆಕ್ಸಸ್ಸಿನಲ್ಲಿ ಇದು ಕಚ್ಚಿದರೆ ಕಚ್ಚಿದ ಜಾಗದ ಮಾಂಸವೇ ಕೊಳೆಯುವುದುಂಟು ಎಂದು ಅವಳು ಚಿತ್ರ ತೋರಿಸಿ ಹೇಳಿದ್ದಳು.

"ಅಲ್ಲಾಡಬೇಡ. ಉಸಿರೂ ಜೋರಾಗಿ ಬಿಡಬೇಡ" ಎಂದಳು ಡಾರತಿ. ನಿಧಾನವಾಗಿ ಬಂದು ಅದರ ಮೇಲೆ ಗಾಜಿನ ಲೋಟ ಕವುಚಿ, ಅಡಿಯಲ್ಲಿ ಅಂಚೆಕಾರ್ಡು ತೂರಿಸಿ ಎತ್ತಿಕೊಂಡಳು. ಆಮೇಲೆ ರಿಜಿಸ್ಟರನ್ನು ನನ್ನ ಕಡೆ ತಳ್ಳಿ, "ಪೆಟ್ಟಿಗೆ ತಟ್ಟಲಿಲ್ಲ ಅಂತ ಬರಿ. ನಿನ್ನ ಕೈಯಲ್ಲೇ ಬರಿ" ಎಂದಳು. ಜೇಡಕ್ಕಿಂತ ಆ ಒಂದು ಸಾಲಿಗೇ ನಾನು ಹೆಚ್ಚು ಹೆದರಿದೆ.

1999ರ ವಸಂತದಲ್ಲಿ ಆ ಟ್ರಂಕು ಬಂತು.

ಹ್ಯೂಸ್ಟನ್‌ನ ಒಬ್ಬ ಮುದುಕಿ ಅದನ್ನು ದಾನ ಕೊಟ್ಟಿದ್ದಳು. ಅವಳ ಅಜ್ಜ ಇಂಗ್ಲೆಂಡಿನವನು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪಶ್ಚಿಮ ಆಫ್ರಿಕಾದ ಬಾಥರ್ಸ್ಟ್ ಎಂಬ ಬಂದರಿನಲ್ಲಿ, ಕಡಲೆಕಾಯಿ ರಫ್ತು ಮಾಡುವ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ. ಟ್ರಂಕಿನ ತುಂಬ ಅವನ ಪತ್ರಗಳು, ಹಡಗುಗಳ ಪಟ್ಟಿಗಳು, ಅಡಿಯಲ್ಲಿ ಎಂಟು ಮಡಿಕೆಯ ಒಂದು ದೊಡ್ಡ ನಕ್ಷೆ.

ಬಾಥರ್ಸ್ಟ್ ಅಂದರೆ ಯಾವುದೆಂದು ನನಗೆ ಗೊತ್ತಿರಲಿಲ್ಲ. ಡಾರತಿ ಒಂದು ಪುಸ್ತಕ ತಂದು ಕೊಟ್ಟಳು. ಗ್ಯಾಂಬಿಯಾ ನದಿ ಸಮುದ್ರ ಸೇರುವ ಕಡೆ ಇರುವ ಮರಳಿನ ದ್ವೀಪ. ಗುಲಾಮರನ್ನು ಸಾಗಿಸುವ ಹಡಗುಗಳನ್ನು ತಡೆಯಲು ಇಂಗ್ಲಿಷರು 1816ರಲ್ಲಿ ಅಲ್ಲಿ ತಳವೂರಿದರು. ಲಂಡನ್ನಿನ ಒಬ್ಬ ಮಂತ್ರಿಯ ಹೆಸರನ್ನು ಊರಿಗಿಟ್ಟರು. ತಮ್ಮ ಯುದ್ಧಗಳಲ್ಲಿ ಗೆದ್ದ ಸೇನಾಪತಿಗಳ ಹೆಸರನ್ನು ಬೀದಿಗಳಿಗಿಟ್ಟರು. ಹಡಗುಗಳಿಂದ ಬಿಡಿಸಿದ ಜನರನ್ನು ತಂದು ನೆಲೆಗೊಳಿಸಿದರು. ಊರು ಬೆಳೆದು ಆ ಪ್ರಾಂತಕ್ಕೆ ರಾಜಧಾನಿಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೇ ರಾಜಧಾನಿಯಾಗಿ ಬಾಂಜುಲ್ ಎಂಬ ಹೆಸರಿಗೆ ಮರಳಿತು.

ಆದರೆ ಊರಿನ ದಕ್ಷಿಣದ ಒಂದು ಕೇರಿಗೆ ಯಾವ ಸೇನಾಪತಿಯ ಹೆಸರೂ ಇರಲಿಲ್ಲ. ಅದರ ಹೆಸರು ಹಾಫ್ ಡೈ. 1869ರಲ್ಲಿ ಕಾಲರಾ ಬಂದಾಗ ಅಲ್ಲಿ ಅರ್ಧಕ್ಕರ್ಧ ಜನ ಸತ್ತರಂತೆ. ಹಾಗಾಗಿ 'ಅರ್ಧ ಜನ ಸತ್ತರು' ಎಂಬುದೇ ಕೇರಿಯ ಹೆಸರಾಯಿತು. ಆ ಸಾವನ್ನು ನೋಡಿ ಬದುಕಿದ್ದ ಮುದುಕರನ್ನು ಗುಮಾಸ್ತ ರಜೆಯ ದಿನ ಹೋಗಿ ಕೇಳಿದ್ದ. ಯಾವ ಮನೆ ಎಲ್ಲಿತ್ತು, ಯಜಮಾನರ ಹೆಸರೇನು, ಎಷ್ಟು ಜನ ಹೋದರು ಎಂದು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ. ಅರವತ್ತಕ್ಕೂ ಹೆಚ್ಚು ಮನೆಗಳು. ಕೆಲವು ಹೆಸರಿನ ಪಕ್ಕದಲ್ಲಿ 'ಎಲ್ಲರೂ' ಎಂದಿತ್ತು. ಮಧ್ಯಾಹ್ನ ಒಬ್ಬಳೇ ಕೂತು ಅದನ್ನು ಓದುತ್ತಿದ್ದರೆ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು.

ಅದೇ ತಿಂಗಳು ಗುರುರಾಜರ ಕೆಲಸ ಹೋಯಿತು. ತೈಲದ ಬೆಲೆ ಬಿದ್ದು ಹ್ಯೂಸ್ಟನ್‌ನಲ್ಲಿ ಎಷ್ಟೋ ಮನೆಗಳಲ್ಲಿ ಆದದ್ದೇ ನಮ್ಮಲ್ಲೂ ಆಯಿತು. ನಮ್ಮಿಬ್ಬರ ವೀಸಾ, ಗ್ರೀನ್ ಕಾರ್ಡಿನ ಅರ್ಜಿ ಎಲ್ಲವೂ ಒಂದೇ ದಿನದಲ್ಲಿ ನನ್ನ ಕೆಲಸದ ಮೇಲೆ ಬಂದು ನಿಂತವು. ಮಗಳು ಆಗ ಆರನೆಯ ಕ್ಲಾಸು.

ನಕ್ಷೆ ಕೊಳೆಯಾಗಿತ್ತು, ಮಡಿಕೆಗಳಲ್ಲಿ ಮುರಿಯುತ್ತಿತ್ತು. ತೊಳೆಯದೆ ಬೇರೆ ದಾರಿಯಿರಲಿಲ್ಲ. ತೊಳೆಯುವುದೆಂದರೆ ಅಗಲವಾದ ತಟ್ಟೆಯಲ್ಲಿ ಶುದ್ಧ ನೀರು ತುಂಬಿ ಕಾಗದವನ್ನು ಅದರಲ್ಲಿ ಮುಳುಗಿಸುವುದು. ಅದಕ್ಕೆ ಮುಂಚೆ ಪ್ರತಿಯೊಂದು ಶಾಯಿಯ ಮೇಲೂ ಒಂದು ತೊಟ್ಟು ನೀರಿಟ್ಟು ಪರೀಕ್ಷೆ ಮಾಡಬೇಕು. ಕಪ್ಪು ಶಾಯಿ ನೋಡಿದೆ, ಅಲ್ಲಾಡಲಿಲ್ಲ. ಕೆಂಪು ಗೆರೆ ನೋಡಿದೆ, ಅದೂ ಅಲ್ಲಾಡಲಿಲ್ಲ. ಪೆನ್ಸಿಲಿನ ಬರಹವನ್ನು ನೋಡಲಿಲ್ಲ. ಪೆನ್ಸಿಲು ನೀರಿಗೆ ಕದಡುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಅಂದು ಡಾರತಿ ಸಭೆಗೆಂದು ಆಸ್ಟಿನ್‌ಗೆ ಹೋಗಿದ್ದಳು. ಹಿಂದಿನ ದಿನವಷ್ಟೇ ವೀಸಾ ವಿಷಯವಾಗಿ ವಕೀಲರ ಪತ್ರ ಬಂದಿದ್ದರಿಂದ ನನ್ನ ತಲೆಯೂ ಸರಿಯಿರಲಿಲ್ಲ.

ನಕ್ಷೆಯ ಒಂದು ಮೂಲೆ ನೀರಿಗೆ ಇಳಿಯಿತು. ಮೊದಲು ಕೊಳೆ ಬಿಟ್ಟು ನೀರು ಹಳದಿಯಾಯಿತು, ಅದು ಸರಿಯೇ. ಆಮೇಲೆ ಒಂದು ಹೆಸರಿನ ಸುತ್ತ ನೇರಳೆ ಬಣ್ಣ ಅರಳಿತು. ಅದರ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಕೇರಿಯ ಆ ಮೂಲೆಯೇ ನೇರಳೆ ಹಣ್ಣು ಹಿಸುಕಿದಂತಾಯಿತು. ಅದು ಸಾಮಾನ್ಯ ಪೆನ್ಸಿಲಾಗಿರಲಿಲ್ಲ. ಹಿಂದಿನ ಆಫೀಸುಗಳಲ್ಲಿ ನಕಲು ತೆಗೆಯಲು ಬಳಸುತ್ತಿದ್ದ ಕಾಪಿಯಿಂಗ್ ಪೆನ್ಸಿಲು. ಒಣಗಿದ್ದಾಗ ಬೂದು ಬಣ್ಣ, ನೀರು ತಾಗಿದರೆ ಬಣ್ಣದ ಶಾಯಿ. ನಾನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡಿರಲಿಲ್ಲ.

ಎಳೆದು ತೆಗೆದೆ, ಬ್ಲಾಟಿಂಗ್ ಪೇಪರ್ ಒತ್ತಿದೆ. ಎಣಿಸಿದೆ. ಹನ್ನೊಂದು ಹೆಸರು ಹೋಗಿದ್ದವು.

ಮಾಡಬೇಕಾದದ್ದು ಏನೆಂದು ಗೊತ್ತಿತ್ತು. ರಿಜಿಸ್ಟರು ಅಲ್ಲೇ, ಕೈಗೆಟುಕುವಷ್ಟು ಹತ್ತಿರವಿತ್ತು. ಒಣಗಿದ ನಕ್ಷೆಯನ್ನು ಎರಡು ದೊಡ್ಡ ರಟ್ಟುಗಳ ನಡುವೆ ಇಟ್ಟು ಕೆಳಗಿನ ಡ್ರಾಯರಿಗೆ ತಳ್ಳಿದೆ. ಡಾರತಿ ಮರಳಿ ಬಂದು ಕೇಳಿದಾಗ "ಒಣಗುತ್ತಾ ಇದೆ" ಎಂದೆ.

ಮೂರು ವಾರ ಹಾಗೇ ನಡೆಸಿದೆ. ಅವಳು ಆ ಡ್ರಾಯರಿನ ಕಡೆ ಹೋದರೆ ಏನೋ ನೆಪ ಹೇಳಿ ಬೇರೆ ಕಡೆ ಕರೆಯುತ್ತಿದ್ದೆ. ಮನೆಯಲ್ಲಿ ಮಗಳು ಚಿತ್ರ ಬರೆಯುವಾಗ ಕುಂಚ ಅದ್ದುವ ನೀರಿನ ಬಟ್ಟಲು ಕಂಡರೂ ಸಿಡುಕುತ್ತಿದ್ದೆ. "ವಾಟ್ ಡಿಡ್ ಐ ಡೂ, ಅಮ್ಮ?" ಎಂದು ಅವಳು ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಡಾರತಿ ಸಂತೋಷದಿಂದ ಬಂದು ಸುದ್ದಿ ಹೇಳಿದಳು. ಬಾಂಜುಲ್‌ನ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಡಲ್ಲಾಸ್ ಹತ್ತಿರ ಕ್ಯಾರಲ್ಟನ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ, ಹೆಸರು ಅಗಸ್ಟಾ, ತಮ್ಮ ಊರಿನ ಚರಿತ್ರೆ ಬರೆಯುತ್ತಿದ್ದಾರೆ. ಅವರ ಪೂರ್ವಿಕರು ಹಾಫ್ ಡೈ ಕೇರಿಯವರು. ಗುರುವಾರ ಬಸ್ಸಿನಲ್ಲಿ ನಕ್ಷೆ ನೋಡಲು ಬರುತ್ತಾರೆ.

ಅಂದು ಸಂಜೆ ಗುರುರಾಜರಿಗೆ ಎಲ್ಲವನ್ನೂ ಹೇಳಿದೆ.

"ಟ್ರಂಕಿನಲ್ಲಿ ಬಂದಾಗಲೇ ಹಾಗಿತ್ತು ಅಂದ್ರೆ ಆಗಲ್ವಾ?" ಎಂದರು.

"ಬಂದ ದಿನವೇ ಡಾರತಿ ನೋಡಿದಾಳೆ ರೀ."

"ಅಷ್ಟೊಂದು ಹೆಸರಲ್ಲಿ ಅವಳಿಗೆ ಎಷ್ಟು ನೆನಪಿರತ್ತೆ? ವಿಶಾಲೂ, ಕೆಲಸದಿಂದ ತೆಗೆದ್ರೆ ನಾವು ಈ ದೇಶದಲ್ಲಿ ಎಷ್ಟು ದಿನ ಇರಬಹುದು ಗೊತ್ತಲ್ಲ? ಮಗೂನ ಶಾಲೆ ಬಿಡಿಸಿ ಕರ್ಕೊಂಡು ಹೋಗಬೇಕು."

ಅವರು ಕೆಟ್ಟವರಾಗಿ ಹೇಳಿದ್ದಲ್ಲ. ಹೆದರಿದ್ದರು, ನನ್ನಷ್ಟೇ.

ಬುಧವಾರ ಮಧ್ಯಾಹ್ನ ನಾನೇ ಡ್ರಾಯರು ಎಳೆದು ನಕ್ಷೆಯನ್ನು ಡಾರತಿಯ ಮುಂದೆ ಹಾಸಿದೆ. ಧೈರ್ಯ ಬಂದು ಮಾಡಿದ್ದಲ್ಲ. ಇನ್ನೊಂದು ರಾತ್ರಿ ಅದನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಮನೆಗೆ ಹೋಗಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಡಾರತಿ ಕನ್ನಡಕ ಹಾಕಿಕೊಂಡು ನೋಡಿದಳು. "ಯಾವತ್ತು?" ಎಂದಳು. ದಿನ ಹೇಳಿದೆ. ಅವಳ ಮುಖ ಕೆಂಪಾಯಿತು. "ತೊಳೆದಿದ್ದು ತಪ್ಪು, ಅದು ನನ್ನಿಂದಲೂ ಆಗಬಹುದಿತ್ತು. ಮೂರು ವಾರ ನನ್ನ ಕಣ್ಣು ನೋಡಿ ಸುಳ್ಳು ಹೇಳಿದೆಯಲ್ಲ, ಅದು ಬೇರೆ." ರಿಜಿಸ್ಟರು ಮುಂದೆ ಬಂತು. ಬರೆದೆ. "ನಾಳೆ ಆಕೆಗೆ ಹೇಳುವವಳೂ ನೀನೇ. ನಾನು ಪಕ್ಕದಲ್ಲಿ ಕೂತಿರುತ್ತೇನೆ."

ಅಗಸ್ಟಾ ಎಪ್ಪತ್ತರ ಹೆಂಗಸು. ತಲೆಗೆ ನೀಲಿ ವಸ್ತ್ರ, ಕೈಯಲ್ಲಿ ಶಾಲೆಯ ಮಕ್ಕಳ ರೂಲು ಹಾಕಿದ ನೋಟುಪುಸ್ತಕ. ಐದು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರು. ನಾನು ನಿಂತೇ ಹೇಳಿದೆ. ಮಧ್ಯದಲ್ಲಿ ಇಂಗ್ಲಿಷು ಕೈಕೊಟ್ಟಿತು. ಡಾರತಿ ಬಾಯಿ ಹಾಕಲಿಲ್ಲ.

ಅವರು ನನ್ನ ಕಡೆ ನೋಡದೆ ನಕ್ಷೆಯ ಮೇಲೆ ಬಾಗಿದರು. ಉಳಿದ ಹೆಸರುಗಳನ್ನು ಬೆರಳಿಟ್ಟು ಒಂದೊಂದಾಗಿ ಮೆಲ್ಲಗೆ ಓದಿದರು. ನಡುನಡುವೆ "ಇವರ ಮೊಮ್ಮಗ ನನ್ನ ಶಿಷ್ಯ" ಎನ್ನುತ್ತಿದ್ದರು. ಓದಿ ಮುಗಿಸುವುದಕ್ಕೆ ಒಂದು ಗಂಟೆಯ ಮೇಲಾಯಿತು. ಅವರ ಮುತ್ತಜ್ಜಿಯ ಮನೆಯ ಹೆಸರು ಅದರಲ್ಲಿರಲಿಲ್ಲ.

"ಹಾಗಾದರೆ ಈ ಹನ್ನೊಂದರಲ್ಲಿ ಇರಬಹುದು" ಎಂದರು ನೇರಳೆ ಮೂಲೆಯನ್ನು ತೋರಿಸಿ. "ಅಥವಾ ಆತ ಬರೆದೇ ಇಲ್ಲದಿರಬಹುದು. ಯಾವುದೆಂದು ಈಗ ನನಗೆ ಗೊತ್ತಾಗುವುದಿಲ್ಲ."

ನಾನು ಕ್ಷಮೆ ಕೇಳಿದೆ.

"ಕ್ಷಮೆ ಆಮೇಲೆ. ಬರೆದವನು ಪೆನ್ಸಿಲು ಒತ್ತಿ ಬರೆಯುತ್ತಿದ್ದನೋ, ಮೇಲೆ ಮೇಲೆ ಬರೆಯುತ್ತಿದ್ದನೋ? ಮಕ್ಕಳ ಅಳಿಸಿದ ಸ್ಲೇಟು ಓದಿ ಓದಿ ನನಗೆ ಅಭ್ಯಾಸ."

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಗುಮಾಸ್ತ ಒತ್ತಿ ಬರೆಯುತ್ತಿದ್ದ. ಬಣ್ಣ ಹರಡಿದ್ದರೂ ಪೆನ್ಸಿಲಿನ ಮೊನೆ ಕಾಗದದಲ್ಲಿ ಮಾಡಿದ ಗೀರುಗಳು ಅಲ್ಲಲ್ಲಿ ಉಳಿದಿದ್ದವು. ಕೋಣೆಯ ದೀಪ ಆರಿಸಿ, ಮೇಜಿನ ಮಟ್ಟಕ್ಕೆ ಟಾರ್ಚು ಹಿಡಿದು ಪಕ್ಕದಿಂದ ಬೆಳಕು ಬಿಟ್ಟರೆ ಗೀರುಗಳ ನೆರಳು ಏಳುತ್ತಿತ್ತು. ಅದನ್ನು ಫೋಟೋ ತೆಗೆಯುವುದು, ದೊಡ್ಡದು ಮಾಡುವುದು, ಕ್ಯಾರಲ್ಟನ್‌ಗೆ ಅಂಚೆಯಲ್ಲಿ ಕಳಿಸುವುದು. ಅಗಸ್ಟಾ ತಮ್ಮ ಊರಿನ ಹೆಸರುಗಳ ಜೊತೆ ತಾಳೆ ನೋಡಿ ಬರೆಯುತ್ತಿದ್ದರು. ಅದೇ ವರ್ಷ ಸ್ಕ್ಯಾನರು ಬಂದು, ನೇರಳೆ ಬಣ್ಣವನ್ನು ಪರದೆಯ ಮೇಲೆ ಮಂಕಾಗಿಸಿ ನೋಡುವುದನ್ನು ಕಲಿತೆ. ನಿಮಗೆ ಇವೆಲ್ಲ ಈಗ ಮೊದಲ ದಿನದ ಪಾಠ. ನಮಗೆ ಒಂದು 'ಆರ್' ಅಕ್ಷರ ಸಿಕ್ಕರೆ ಆ ವಾರ ಹಬ್ಬ. ಒಂದೂವರೆ ವರ್ಷದಲ್ಲಿ ಏಳು ಹೆಸರು ಸಿಕ್ಕವು. ನಾಲ್ಕು ಸಿಗಲಿಲ್ಲ. ಸಿಕ್ಕ ಏಳರಲ್ಲೂ ಮುತ್ತಜ್ಜಿಯ ಮನೆಯಿರಲಿಲ್ಲ. ಡಾರತಿ ಉಳಿದ ಹೆಸರುಗಳದ್ದೂ ಫೋಟೋ ತೆಗೆಸಿ ಅಗಸ್ಟಾರಿಗೆ ಒಂದು ಪೂರ್ತಿ ಪ್ರತಿ ಕಳಿಸಿದಳು. ಆಮೇಲೆ ನಿವೃತ್ತಿಯಾಗಿ ಆಸ್ಟಿನ್‌ನಲ್ಲಿ ತಂಗಿಯ ಮನೆ ಸೇರಿದಳು.

2001ರ ಜೂನಿನಲ್ಲಿ ಬಿರುಗಾಳಿ ಮಳೆಗೆ ಹ್ಯೂಸ್ಟನ್ ಮುಳುಗಿತು. ಶನಿವಾರ ಬೆಳಿಗ್ಗೆ ಟಿವಿ ಹಾಕಿದರೆ ಹೆದ್ದಾರಿಗಳಲ್ಲಿ ಲಾರಿಗಳ ನೆತ್ತಿಯಷ್ಟೇ ಕಾಣುತ್ತಿತ್ತು. ನಾನು ಸಂಗ್ರಹಾಲಯ ತಲುಪಿದ್ದು ಎರಡು ದಿನ ಕಳೆದು. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಐದನೆಯದಕ್ಕೇ ಕಪ್ಪು ನೀರಿನಲ್ಲಿ ಮುಗಿಯುತ್ತಿತ್ತು. ವಿದ್ಯುತ್ತಿರಲಿಲ್ಲ. ಡೀಸೆಲ್ಲು, ಕೊಳೆತ ಕಾಗದ, ಚರಂಡಿ ಎಲ್ಲ ಸೇರಿದ ವಾಸನೆ. ಕೆಳಗೆ ಏನೋ ತೇಲಿ ಬಂದು ಗೋಡೆಗೆ ದಪ್ ದಪ್ ಎಂದು ಬಡಿಯುತ್ತಿತ್ತು. ಅದು ನಮ್ಮ ಮೇಜೇ ಇರಬೇಕು. ಮೆಟ್ಟಿಲ ಮೇಲೆ ಟಾರ್ಚು ಹಿಡಿದು ನಿಂತ ನನಗೆ ಹಾಫ್ ಡೈ ಕೇರಿಯ ಅಷ್ಟೂ ಮನೆಗಳು ಅಲ್ಲಿ ಕತ್ತಲಲ್ಲಿ ನೆನೆಯುತ್ತಿವೆ ಎನ್ನಿಸಿತು. ಕೂತುಬಿಟ್ಟೆ.

ನೀರು ಖಾಲಿ ಮಾಡಲು ದಿನಗಳೇ ಹಿಡಿದವು. ಒದ್ದೆಯಾದದ್ದನ್ನೆಲ್ಲ ಬೂಷ್ಟು ಬರದಂತೆ ಶೈತ್ಯದ ಲಾರಿಗಳಲ್ಲಿ ಹೆಪ್ಪುಗಟ್ಟಿಸಿದೆವು. ಎಷ್ಟೋ ವಾರಗಳ ಮೇಲೆ ನಕ್ಷೆಯ ಸರದಿ ಬಂತು. ಕಾಗದ ಉಳಿದಿತ್ತು. ಹೆಸರು ಒಂದೂ ಇರಲಿಲ್ಲ. ಇಡೀ ಕೇರಿ ನೇರಳೆ. ಫೋಟೋಗಳ ನೆಗೆಟಿವ್‌ಗಳು, ಸ್ಕ್ಯಾನ್ ಮಾಡಿಟ್ಟ ಡಿಸ್ಕುಗಳು ಕೆಸರಾಗಿದ್ದವು. ಡಾರತಿಯ ರಿಜಿಸ್ಟರು ಮುಟ್ಟಿದರೆ ಗಂಜಿಯಂತೆ ಬಂತು.

ಹೊಸ ಮುಖ್ಯಸ್ಥರು ನನಗೆ ನಷ್ಟದ ಫಾರಂ ಕೊಟ್ಟರು. ಪ್ರತಿ ದಾಖಲೆಗೂ ಏನಾಯಿತು, ಯಾವಾಗ ಆಯಿತು ಎಂದು ತುಂಬಬೇಕು. "ಎಲ್ಲದಕ್ಕೂ ಪ್ರವಾಹ ಅಂತ ಬರೆದು ಸಹಿ ಹಾಕಿ" ಎಂದರು. ಅವರಿಗೆ ಹಿಂದಿನದು ಗೊತ್ತಿರಲಿಲ್ಲ.

ಆ ಫಾರಂ ನನ್ನ ಮೇಜಿನ ಮೇಲೆ ನಾಲ್ಕು ದಿನವಿತ್ತು. ನನ್ನ ಮೂಲೆ ಯಾವುದು, ಪ್ರವಾಹದ್ದು ಯಾವುದು ಎಂದು ಈಗ ದೇವರಿಗೂ ಹೇಳಲಾಗುತ್ತಿರಲಿಲ್ಲ. ಗ್ರೀನ್ ಕಾರ್ಡಿನ ಸಂದರ್ಶನಕ್ಕೆ ಎರಡು ತಿಂಗಳಿತ್ತು. ನಕ್ಷೆ ತೊಳೆದಾಗ ಹೆದರಿದ್ದಕ್ಕಿಂತ ಈ ನಾಲ್ಕು ದಿನ ಹೆಚ್ಚು ಹೆದರಿದೆ. ಅಂದು ಸಿಕ್ಕಿಬೀಳುತ್ತೇನೆಂಬ ಭಯ. ಈಗ, ಎಂದೂ ಸಿಕ್ಕಿಬೀಳುವುದಿಲ್ಲವಲ್ಲ ಎಂಬುದು.

ಮೊದಲು ಹೆಸರುಗಳು ಉಳಿದಿವೆಯೋ ತಿಳಿಯಬೇಕಿತ್ತು. ಅಗಸ್ಟಾರ ಬಳಿಯ ಪ್ರತಿಯೊಂದೇ ಗತಿ. ಫೋನು ಮಾಡಿದರೆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಶನಿವಾರ ಗುರುರಾಜರು ಕಾರು ತೆಗೆದರು. ನಾಲ್ಕು ಗಂಟೆಯ ದಾರಿಯಲ್ಲಿ ಒಂದೇ ಮಾತು ಆಡಿದರು: "ಫಾರಂ ವಿಷಯದಲ್ಲಿ ನಿನಗೆ ತಿಳಿದ ಹಾಗೆ ಮಾಡು. ಆ ಸಲ ನಾನು ಹೇಳಿದ್ದು ಸರಿಯಿರಲಿಲ್ಲ."

ಕ್ಯಾರಲ್ಟನ್‌ನ ಅಪಾರ್ಟ್‌ಮೆಂಟಿನ ಬಾಗಿಲು ತೆರೆದದ್ದು ಯಾರೋ ಬೇರೆಯವರು. ಅಗಸ್ಟಾ ಮತ್ತು ಮಗಳು ಅಲ್ಲಿಂದ ಶಿಫ್ಟ್ ಆಗಿದ್ದಾರೆ ಎಂದರು. ಮ್ಯಾನೇಜರನ್ನು ಬೇಡಿ, ಹೊಸ ವಿಳಾಸ ಪಡೆದು, ಎರಡು ಮೈಲಿ ಆಚೆಯ ಮನೆಗೆ ಹೋದೆವು. ಅಗಸ್ಟಾ ಹಜಾರದ ನೆಲದ ಮೇಲೆ ತೆರೆದ ಸೂಟ್‌ಕೇಸುಗಳ ನಡುವೆ ಕೂತಿದ್ದರು. ಮುಂದಿನ ವಾರ ಬಾಂಜುಲ್‌ಗೆ ಮರಳುವವರಿದ್ದರು. ನಕ್ಷೆ ಪ್ರವಾಹದಲ್ಲಿ ಹೋಯಿತು ಎಂದಷ್ಟೇ ಹೇಳಿದೆ. ಅವರೇ ನನ್ನ ಮುಖ ನೋಡಿ, ಒಂದು ಸೂಟ್‌ಕೇಸಿನ ಬಟ್ಟೆಗಳ ಅಡಿಯಿಂದ ದಪ್ಪ ಲಕೋಟೆ ತೆಗೆದು ನನ್ನ ಕೈಯಲ್ಲಿಟ್ಟರು. ಅಷ್ಟೂ ಹೆಸರು ಅದರಲ್ಲಿದ್ದವು. ನಾಲ್ಕು ಬಿಟ್ಟು.

ನಾನು ಫಾರಂ ವಿಷಯವನ್ನೂ ಹೇಳಿ, ಏನು ಬರೆಯಲಿ ಎಂದೆ.

"ನನ್ನನ್ನೇಕೆ ಕೇಳುತ್ತೀಯ?" ಎಂದರು. "ನಲವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಓಡಾಡಿದವಳು ನಾನು. ಯಾರು ನೋಡಿ ಬರೆಯುತ್ತಾರೆ ಅಂತ ಬೆನ್ನು ನೋಡಿದರೇ ಗೊತ್ತಾಗುತ್ತದೆ. ನಿನ್ನ ಬೆನ್ನು ನೆಟ್ಟಗಿದೆ. ಊಟ ಮಾಡಿ ಹೋಗಿ."

ಸೋಮವಾರ ಫಾರಂನಲ್ಲಿ ಎರಡು ಸಾಲು ಬರೆದೆ. ಹನ್ನೊಂದು ಹೆಸರು 1999ರಲ್ಲಿ ನನ್ನ ಕೈಯಿಂದ, ಉಳಿದವು ಪ್ರವಾಹದಿಂದ. ಮುಖ್ಯಸ್ಥರು ನನ್ನನ್ನು ನಿಲ್ಲಿಸಿಕೊಂಡೇ ಅರ್ಧ ಗಂಟೆ ಮಾತಾಡಿದರು. ಕೆಲಸ ಹೋಗಲಿಲ್ಲ. ನಕ್ಷೆಗಳ ವಿಭಾಗದಿಂದ ತೆಗೆದು ಒಂದು ವರ್ಷ ಹಳೆಯ ಪತ್ರಿಕೆಗಳ ಕಟ್ಟುಗಳಿಗೆ ಹಾಕಿದರು. ಸಂದರ್ಶನಕ್ಕೆ ಹೋದಾಗ ಅಧಿಕಾರಿ ನನ್ನ ಫೈಲು ತಿರುವಿದ ಒಂದೊಂದು ಪುಟವನ್ನೂ ಎಣಿಸುತ್ತ ಕೂತಿದ್ದೆ. ನಕ್ಷೆಯ ವಿಷಯ ಅವನು ಕೇಳಲೇ ಇಲ್ಲ.

ಕೆಲವು ವರ್ಷಗಳ ನಂತರ ಬಾಂಜುಲ್‌ನಿಂದ ಒಂದು ಪಾರ್ಸೆಲ್ ಬಂತು. ಅಗ್ಗದ ಕಾಗದದಲ್ಲಿ ಅಚ್ಚಾದ ತೆಳುವಾದ ಪುಸ್ತಕ, ಅಗಸ್ಟಾ ಬರೆದ ಊರಿನ ಚರಿತ್ರೆ. ನಾನು ಮೊದಲು ತೆರೆದದ್ದು ಹಾಫ್ ಡೈ ಅಧ್ಯಾಯವನ್ನೇ. ನನ್ನ ಹೆಸರು ಇರುತ್ತದೆಂದು ಹೆದರಿದ್ದೆ. ಮನೆಗಳ ಪಟ್ಟಿಯಿತ್ತು. ನಾಲ್ಕು ಕಡೆ ಖಾಲಿ ಗೆರೆ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದರು: "ಈ ನಾಲ್ಕು ಹೆಸರುಗಳು ಹ್ಯೂಸ್ಟನ್‌ನಲ್ಲಿ ನಕ್ಷೆಯನ್ನು ತೊಳೆಯುವಾಗ ಅಳಿಸಿಹೋದವು. ಇದನ್ನು ನನಗೆ ಹೇಳಿದವರು, ತೊಳೆದವರೇ."